ಚಾಚಿದ ಕೈ

ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರ ಮನೆಯಲ್ಲಿ ಪುಸ್ತಕಗಳು ಹೆಚ್ಚಾಗಿರುವುದು ಸಹಜವೇ ಸರಿ. ನಮ್ಮ ಮನೆಯಲ್ಲಿ ಪುಸ್ತಕಗಳ ಜೊತೆಗೆ ಒಂದು ತಗಡಿನ ಪೆಟ್ಟಿಗೆಯೂ ಇದ್ದಿತು. ಮೂವತ್ತೈದು ವರ್ಷಗಳ ನೌಕರಿಯಲ್ಲಿ ಪಾಠದ ಹೊತ್ತಿನಲ್ಲಿ ಹುಡುಗರ ಜೇಬುಗಳಿಂದ ನಾವು ಕಿತ್ತುಕೊಂಡ ವಸ್ತುಗಳು ಅದರಲ್ಲಿದ್ದುವು: ಮೊಳೆ ಸವೆದ ಬುಗುರಿಗಳು, ಗಾಜಿನ ಗೋಲಿಗಳು, ಒಂದು ಚಿನ್ನಿ, ಬೆಂಕಿಪೊಟ್ಟಣದ ಚಿತ್ರಗಳ ಒಂದು ಕಟ್ಟು. “ವರ್ಷದ ಕೊನೆಗೆ ಬಂದು ತೆಗೆದುಕೊಂಡು ಹೋಗು” ಎಂದು ಹೇಳುತ್ತಿದ್ದುದೇನೋ ನಿಜ. ಆದರೆ ಬಂದು ಕೇಳುವಷ್ಟು ಧೈರ್ಯ ಹುಡುಗರಿಗೆ ಇರಲಿಲ್ಲ. ಕರೆದು ಕೊಡುವಷ್ಟು ಜ್ಞಾಪಕ ನಮಗೂ ಇರಲಿಲ್ಲ.

ಬೆಂಗಳೂರಿನಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡುತ್ತಿರುವ ನಮ್ಮ ಕಿರಿಯ ಮಗಳು ಕಳೆದ ಬೇಸಿಗೆಯ ರಜೆಗೆ ಬಂದಾಗ ಈ ಪೆಟ್ಟಿಗೆಯು ಅವಳ ಕಣ್ಣಿಗೆ ಬಿದ್ದಿತು. ಅವಳು ಪರೀಕ್ಷೆಗಾಗಿ ಒಂದು ಕೃತಿಯನ್ನು ರಚಿಸಬೇಕಾಗಿದ್ದಿತು. ವಿಷಯವು ಬಾಲ್ಯದ ನೆನಪು; ವಿಧಾನವು, ನೋಡಲು ಬಂದವರು ಏನನ್ನೂ ಮುಟ್ಟದೆ ಬರಿಯ ಕೈಸನ್ನೆಯಿಂದಲೇ ಪರದೆಯ ಮೇಲಿನ ಚಿತ್ರಗಳನ್ನು ಆಡಿಸುವುದು. ಬಾಲ್ಯವೆಂಬುದು ಬೀದಿಯ ಧೂಳಿನಲ್ಲಿರತಕ್ಕದ್ದು, ಯಂತ್ರದೊಳಗೆ ಅದಕ್ಕೇನು ಕೆಲಸ ಎಂದು ನಾವು ಹಾಸ್ಯಮಾಡಿದೆವು. “ಕಳೆದುಹೋದದ್ದನ್ನು ಮುಟ್ಟುವುದಕ್ಕೆ ಹೇಗೂ ಆಗುವುದಿಲ್ಲವಲ್ಲ ಅಪ್ಪಾ” ಎಂದು ಹೇಳಿ ಅವಳು ಪೆಟ್ಟಿಗೆಯನ್ನು ಎತ್ತಿಕೊಂಡು ಹೋದಳು.

ಅವಳು ಒಂದೊಂದು ವಸ್ತುವನ್ನೂ ಎಲ್ಲ ಮಗ್ಗುಲುಗಳಿಂದ ಚಿತ್ರ ತೆಗೆಯುತ್ತಿದ್ದಾಗ ನಾವು ಕುತೂಹಲದಿಂದ ಪಕ್ಕದಲ್ಲಿ ಹೋಗಿ ಕುಳಿತೆವು. ಈ ಬಗೆಯ ಕಲೆ ಇಂದು ನಿನ್ನೆಯದಲ್ಲವೆಂದು ಆಗ ತಿಳಿಯಿತು. ಅಮೆರಿಕದ ಮೈರನ್ ಕ್ರೂಗರ್ ಎಂಬವರು 1970ರ ದಶಕದಲ್ಲಿಯೇ, ಎದುರು ನಿಂತವರ ಆಕೃತಿಯು ಪರದೆಯ ಮೇಲಿನ ಚಿತ್ರಗಳೊಡನೆ ಆಡುವಂತೆ ಮಾಡಿದ್ದರು. 1999ರಲ್ಲಿ ಕಮೀಲ್ ಅಟರ್‌ಬ್ಯಾಕ್, ರೋಮಿ ಅಕಿಟೂವ್ ಎಂಬಿಬ್ಬರು ರಚಿಸಿದ ‘ಟೆಕ್ಸ್ಟ್ ರೇನ್’ ಎಂಬ ಕೃತಿಯಲ್ಲಿ ಅಕ್ಷರಗಳು ಮಳೆಯಂತೆ ಇಳಿದುಬರುತ್ತವೆ. ನೋಡುವವರು ತೋಳನ್ನು ಚಾಚಿದರೆ ಅದರ ಮೇಲೆ ಬಂದು ನಿಲ್ಲುತ್ತವೆ. ಅಕ್ಷರವನ್ನೇ ಜೀವನೋಪಾಯ ಮಾಡಿಕೊಂಡಿದ್ದ ನಮಗೆ ಇದು ಬಹಳ ಹಿಡಿಸಿತು.

ಯಂತ್ರವು ಕೈಯನ್ನು ಕಾಣುವ ಕ್ರಮವನ್ನೂ ವಾಚಕರಿಗೆ ತಿಳಿಸುವುದು ಉಚಿತ. ಕ್ಯಾಮೆರಾಕ್ಕೆ ಕಂಡ ಚಿತ್ರದಲ್ಲಿ, ಗೂಗಲ್ ಸಂಸ್ಥೆಯವರು 2019ರಲ್ಲಿ ಹೊರತಂದ ಮೀಡಿಯಾಪೈಪ್ ಎಂಬ ಸಾಧನವು ಮೊದಲು ಅಂಗೈಯನ್ನು ಹುಡುಕುತ್ತದೆ. ಬಳಿಕ ಮಣಿಕಟ್ಟಿಗೆ ಒಂದು, ಬೆರಳಿಗೆ ನಾಲ್ಕು, ಹೀಗೆ ಒಟ್ಟು 21 ಬಿಂದುಗಳನ್ನು ಗುರುತಿಸುತ್ತದೆ. ಬೆರಳ ತುದಿಗಳು ಮಣಿಕಟ್ಟಿಗೆ ದೂರವಾಗಿದ್ದರೆ ಕೈ ಬಿಚ್ಚಿದೆಯೆಂದೂ ಹತ್ತಿರ ಬಂದರೆ ಮುಷ್ಟಿಯೆಂದೂ ಲೆಕ್ಕ. ನಾಟ್ಯಶಾಸ್ತ್ರದಲ್ಲಿ ಒಂಟಿಕೈಯವು 24, ಜೋಡಿಕೈಯವು 13 ಹಸ್ತಗಳನ್ನು ಹೇಳಿದೆಯಷ್ಟೆ. ನಮ್ಮ ಮನೆಯ ಯಂತ್ರಕ್ಕೆ ಬಿಚ್ಚಿದ ಕೈ, ಮುಷ್ಟಿ ಎಂಬ ಎರಡನ್ನು ಕಲಿಸುವಷ್ಟರಲ್ಲೇ ನಾಲ್ಕು ದಿನಗಳು ಕಳೆದುವು. ಕಿಟಕಿಯ ಬೆಳಕು ಬೆನ್ನ ಹಿಂದಿದ್ದರೆ ಅದಕ್ಕೆ ಕೈಯೇ ಕಾಣದು. ನಮ್ಮ ಕೈ ಈಚೆಗೆ ಸ್ವಲ್ಪ ನಡುಗುವುದರಿಂದ ಪರದೆಯ ಬುಗುರಿಯೂ ನಡುಗಿತು. ಹಿಂದಿನ ಕೆಲವು ಕ್ಷಣಗಳ ಸರಾಸರಿಯನ್ನು ತೆಗೆದುಕೊಳ್ಳುವಂತೆ ಮಾಡಿ ಮಗಳು ಆ ನಡುಕವನ್ನು ಮರೆಸಿದಳು.

ಮುಷ್ಟಿ ಹಿಡಿದರೆ ವಸ್ತು ಕೈಸೇರಬೇಕೆಂದು ಅವಳು ಮೊದಲು ಯೋಚಿಸಿದ್ದಳು. ಅದು ಕಿತ್ತುಕೊಳ್ಳುವವರ ಕೈ. ಬಂದವರು ಅಂಗೈಯನ್ನು ಚಾಚಲಿ, ವಸ್ತುವು ತಾನಾಗಿ ಬಂದು ಅದರಲ್ಲಿ ನಿಲ್ಲಲಿ ಎಂದು ಸೂಚಿಸಿದವರು ನಾವೇ. ಈ ಸೂಚನೆಗಾಗಿ ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯನ್ನೂ ಪಟ್ಟೆವು.

ಬೆಂಗಳೂರಿಗೆ ಹೊರಡುವ ಮುನ್ನ ನೆರೆಹೊರೆಯವರಿಗೆ ತೋರಿಸೋಣವೆಂದು ನಮ್ಮ ನಡುಮನೆಯಲ್ಲಿಯೇ ಬಿಳಿಯ ಪಂಚೆಯೊಂದನ್ನು ಕಟ್ಟಿ ಏರ್ಪಾಡುಮಾಡಿದಳು. ನಮ್ಮ ಹಳೆಯ ಶಿಷ್ಯರೂ ಕೆಲವರು ಬಂದರು. ಅವರಲ್ಲಿ ನಾಲ್ವತ್ತರ ಆಸುಪಾಸಿನ ಒಬ್ಬ ಅಂಗಡಿಕಾರನು ಕ್ಯಾಮೆರಾದ ಮುಂದೆ ನಿಂತನು. “ಅಂಗೈ ಚಾಚಿ ಅಣ್ಣ” ಎಂದಳು ಮಗಳು. ಅವನು ಚಾಚಿದನು, ಚಾಚಿದ ಕೈಯನ್ನು ಮರುಕ್ಷಣವೇ ಹಿಂದಕ್ಕೆ ಎಳೆದುಕೊಂಡನು. “ಮೇಷ್ಟ್ರು ಹಿಂದೆ ನಿಂತಿದ್ದಾರೆ ನೋಡಮ್ಮ, ಕೈ ತಾನಾಗಿಯೇ ಬಂದುಬಿಟ್ಟಿತು” ಎಂದು ನಕ್ಕನು. ಎಲ್ಲರೂ ನಕ್ಕರು. ನಾವು ಮಾತ್ರ ನಗಲಾರದೆ ಹೋದೆವು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳ ಕಾಲ ಬೆತ್ತವು ನಮ್ಮ ಮೇಜಿನ ಮೇಲೆಯೇ ಇರುತ್ತಿದ್ದಿತು. “ಕೈ ಚಾಚು” ಎಂಬುದು ನಮ್ಮ ಬಾಯಿಂದ ಅದೆಷ್ಟು ಸಲ ಹೊರಟಿದ್ದಿತೋ! ಕೊಡುವುದಕ್ಕೆ ತಕ್ಕ ಸನ್ನೆಯಿದೆಂದು ನಾವು ಆರಿಸಿದುದು, ಆ ಹುಡುಗರು ಪೆಟ್ಟು ತಿನ್ನಲು ಒಡ್ಡುತ್ತಿದ್ದ ಭಂಗಿಯನ್ನೇ. ಸ್ಮೃತಿಯು ಸಂಸ್ಕಾರದಿಂದ ಹುಟ್ಟುವುದೆಂದು ತರ್ಕಶಾಸ್ತ್ರದಲ್ಲಿ ಓದಿದ್ದೆವು, ಹುಡುಗರಿಗೆ ಹೇಳಿಯೂ ಇದ್ದೆವು. ಆ ಸಂಸ್ಕಾರವು ಅಂಗೈಯಲ್ಲಿಯೂ ಮೂವತ್ತು ವರ್ಷ ಉಳಿದಿರಬಲ್ಲದೆಂಬುದನ್ನು ಅಂದು ಕಂಡೆವು. ಯಂತ್ರವು ಆ ಕೈಯಲ್ಲಿ 21 ಬಿಂದುಗಳನ್ನು ಕಂಡಿತು. ಈ ಒಂದು ಅದಕ್ಕೆ ಕಾಣಲಿಲ್ಲ.

ನಾವು ಅಲ್ಲಿಂದ ಸರಿದು ಬಾಗಿಲ ಬಳಿಗೆ ಹೋದೆವು. ಅವನು ಮತ್ತೆ ಕೈ ಚಾಚಿದನು. ಪರದೆಯ ಮೇಲೆ ಬುಗುರಿಯೊಂದು ತಿರುಗುತ್ತ ಬಂದು ಅವನ ಅಂಗೈಯಲ್ಲಿ ನಿಂತಿತು. ಬಹಳ ಹೊತ್ತು ನೋಡಿದ ಮೇಲೆ, “ಚೆನ್ನಾಗಿದೆ ಮೇಷ್ಟ್ರೇ, ಆದರೆ ಇದು ನನ್ನದಲ್ಲ. ನನ್ನದಕ್ಕೆ ಕೆಂಪು ಪಟ್ಟೆಯಿತ್ತು” ಎಂದನು. ಒಳಗಿನಿಂದ ಪೆಟ್ಟಿಗೆಯನ್ನು ತಂದು ಅವನ ಮುಂದೆಯೇ ಸುರಿದೆವು. ಕೆಂಪು ಪಟ್ಟೆಯ ಬುಗುರಿ ಅದರಲ್ಲಿ ಇರಲಿಲ್ಲ. “ತಪ್ಪಾಯಿತಪ್ಪ” ಎಂದೆವು. ಅಷ್ಟು ವರ್ಷಗಳಲ್ಲಿ ಶಿಷ್ಯನೊಬ್ಬನಿಗೆ ನಾವು ಆಡಿದ ಮೊದಲ ಅಂತಹ ಮಾತು ಅದು. “ಅಯ್ಯೋ, ಬಿಡಿ ಮೇಷ್ಟ್ರೇ” ಎಂದು ಅವನು ಬೇರೊಂದು ಬುಗುರಿಯನ್ನು ಆರಿಸಿ, ಅಂಗೈಯಲ್ಲಿಟ್ಟು ತೂಗಿನೋಡಿ, ತನ್ನ ಮಗನಿಗೆಂದು ಜೇಬಿಗೆ ಹಾಕಿಕೊಂಡನು.

ಮಗಳ ಕೃತಿಯು ಬೆಂಗಳೂರಿನಲ್ಲಿ ಮೆಚ್ಚುಗೆಯನ್ನು ಪಡೆಯಿತು. ಪೆಟ್ಟಿಗೆಯು ಮಾತ್ರ ನಮ್ಮ ಜಗಲಿಯ ಮೇಲೆ ಉಳಿದಿದೆ. ಬಂದ ಶಿಷ್ಯರು ತಮ್ಮದಾದರೂ ಸರಿ, ಪರರದಾದರೂ ಸರಿ, ಒಂದನ್ನು ಒಯ್ಯುತ್ತಾರೆ. ಈಗ ಅದರ ತಳ ಕಾಣುತ್ತಿದೆ.

ಪರದೆಯ ಬುಗುರಿಗೆ ತೂಕವಿಲ್ಲ; ಆದರೂ ಅದು ಬಾರದಿದ್ದಲ್ಲಿ ಪೆಟ್ಟಿಗೆಯ ಮುಚ್ಚಳವನ್ನು ನಾವು ತೆರೆಯುತ್ತಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಮಕ್ಕಳಿಂದ ಏನನ್ನಾದರೂ ಕಿತ್ತು ಎತ್ತಿಟ್ಟಿರುವ ಗೃಹಸ್ಥರು, ಆ ಕೈಗಳು ಚಿಕ್ಕವಾಗಿರುವಾಗಲೇ ಅದನ್ನು ಹಿಂದಕ್ಕೆ ಕೊಟ್ಟುಬಿಡುವುದು ಲೇಸೆಂದು ಅರಿಕೆಮಾಡಿಕೊಳ್ಳುತ್ತೇವೆ.