ಧೂಳು ಅಳೆಯೋರು ಯಾರು?

ಪೋಸ್ಟ್ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಗೆಳೆಯರು ತಪ್ಪದೇ ಓದಿ. ಕೊನೆಗೆ ನಿಮಗೊಂದು ಕೆಲಸ ಹೇಳೋದೈತಿ.

ಕೆನಡಾ ದೇಶದಲ್ಲಿ ಒಂದು ನೌಕರಿ ಐತಿ. ಇಂಡಿಜಿನಸ್ ಮಾನಿಟರ್ ಅಂತ ಅದರ ಹೆಸರು. ನಮ್ಮ ಮಾತಲ್ಲಿ ಮೂಲನಿವಾಸಿ ಪರಿಸರ ಕಾವಲುಗಾರ ಅನ್ನಬಹುದು. ಟ್ರಾನ್ಸ್ ಮೌಂಟನ್, ಲೈನ್ 3 ಅನ್ನೋ ಎರಡು ದೊಡ್ಡ ತೈಲ ಪೈಪ್‌ಲೈನ್‌ಗಳ ಮೇಲೆ ಕಣ್ಣಿಡಾಕ 2017ರಲ್ಲಿ ಮೂಲನಿವಾಸಿಗಳ ಸಲಹಾ ಮತ್ತು ಉಸ್ತುವಾರಿ ಸಮಿತಿಗಳನ್ನು ಮಾಡಿದರು. ಸರ್ಕಾರದ ಇನ್ಸ್‌ಪೆಕ್ಟರ್ ಕೆಲಸದ ಜಾಗ ನೋಡಾಕ ಹೋದಾಗ ಆ ನೆಲದ ಮಂದಿಯೂ ಜೊತೆಗೆ ಹೋಗಿ ಹಳ್ಳ, ಮಣ್ಣು, ಮೀನು, ಹಳೇ ಸಮಾಧಿ ಎಲ್ಲ ನೋಡ್ತಾರೆ, ಬರೆದಿಡ್ತಾರೆ. ಇದನ್ನು ಓದಿದಾಗಿಂದ ಒಂದೇ ಪ್ರಶ್ನೆ ಕಾಡ್ತಾ ಐತಿ. ನಮ್ಮ ಕಡೆ ಈ ಕೆಲಸ ಯಾರು ಮಾಡ್ತಾರೆ?

ಉತ್ತರ ನಿಮಗೆಲ್ಲ ಗೊತ್ತಿರೋದೇ. ಗಣಿ ಅಥವಾ ಕ್ವಾರಿಯ ಮಾಲೀಕ ಒಂದು ಕನ್ಸಲ್ಟೆನ್ಸಿಗೆ ದುಡ್ಡು ಕೊಡ್ತಾನೆ. ಅವರು ಬಂದು ಯಂತ್ರ ಇಟ್ಟು ಗಾಳಿ ಅಳೆದು ವರದಿ ಬರೀತಾರೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಪಡೆದವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಕೊಡಬೇಕು. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಐದು ಹೆಕ್ಟೇರ್‌ಗಿಂತ ಚಿಕ್ಕ ಕಲ್ಲು, ಮರಳಿನ ಗುತ್ತಿಗೆಗೂ ಈ ಅನುಮತಿ ಬೇಕಾತು. ಕಾಗದದ ಮೇಲೆ ಎಲ್ಲ ಐತಿ. ಆ ಕಾಗದದಲ್ಲಿ ಕೇರಿ ಮಾತ್ರ ಇಲ್ಲ.

ನಾನು ಗುಮಾಸ್ತ. ಬಿ.ಎ. ಓದಿದೀನಿ, ಒಂದು ಕಚೇರಿಯಲ್ಲಿ ಆವಕ-ಜಾವಕ ವಹಿ ಬರಕೊಂಡು ವರ್ಷಗಳಾದವು. ವಿಜ್ಞಾನ ನನಗೆ ಬರಲ್ಲ. ಒಂದು ಕಾಗದಕ್ಕೆ ಆವಕ ನಂಬರ್ ಬಿದ್ದರೆ ಅದಕ್ಕೆ ಜೀವ ಬರ್ತದೆ, ಬೀಳದಿದ್ದರೆ ಆ ಕಾಗದ ಹುಟ್ಟೇ ಇಲ್ಲ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು. ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯ ಕೇರಿಯವರು ಪಕ್ಕದ ಕಲ್ಲು ಕ್ರಷರ್ ಧೂಳಿನ ಬಗ್ಗೆ ಮಾತಾಡಾಕ ಕರೆದಾಗ ನನ್ನ ಕೈಲಿ ಇದ್ದದ್ದು ಅಷ್ಟೇ ವಿದ್ಯೆ.

ಆ ಕ್ರಷರ್‌ನ ಅರ್ಧವಾರ್ಷಿಕ ವರದಿ ತರಿಸಿ ಓದಿದೆ. ಗಾಳಿಯಲ್ಲಿನ ಸಣ್ಣ ಧೂಳು, ಅಂದರೆ ಪಿ.ಎಂ. 10, ದಿನದ ಸರಾಸರಿ ಒಂದು ಘನ ಮೀಟರ್‌ಗೆ 100 ಮೈಕ್ರೋಗ್ರಾಂ ದಾಟಬಾರದು ಅಂತ 2009ರ ರಾಷ್ಟ್ರೀಯ ಮಾನದಂಡ ಹೇಳ್ತದೆ. ವರದಿಯಲ್ಲಿ ಎಲ್ಲ ಅಂಕಿಯೂ ಅದರ ಒಳಗೇ ಇದ್ದವು. ಅದನ್ನು ಕೇರಿಯಲ್ಲಿ ಓದಿ ಹೇಳಿದೆ. ಅಲ್ಲಿದ್ದ ಒಬ್ಬ ಅಜ್ಜಿ ಕೇಳಿದಳು, "ಯಂತ್ರ ಎಲ್ಲಿ ಇಟ್ಟಿದ್ರಪ್ಪ?" ನಕ್ಷೆ ನೋಡಿದೆ. ಕ್ರಷರ್‌ನ ಪಡುವಣಕ್ಕೆ. ಅಜ್ಜಿ ನಕ್ಕಳು. "ಆಷಾಢದ ಗಾಳಿ ಪಡುವಣದಿಂದ ಮೂಡಣಕ್ಕ ಬೀಸ್ತೈತಿ. ನಾವು ಮೂಡಣಕ್ಕ ಅದೀವಿ. ಅವರು ಗಾಳಿಗೆ ಬೆನ್ನು ಹಾಕಿ ಅಳದಾರ."

ಈ ಒಂದು ಮಾತು ಆ ಇಡೀ ವರದಿಯಲ್ಲಿ ಎಲ್ಲೂ ಇರಲಿಲ್ಲ. ಅಜ್ಜಿಗೆ ಇದು ಗೊತ್ತಿರೋದು ಕೇರಿಯಲ್ಲಿ ಹುಟ್ಟಿ ಬೆಳೆದಿದ್ದಕ್ಕೆ. ಕೇರಿ ಮೇಲೆ ಬೀಸಿದ ಗಾಳಿ ಊರಿಗೆ ಹೋಗಬಾರದು ಅಂತ ನಮ್ಮನ್ನು ಗಾಳಿಯ ಕೆಳಗಿನ ದಿಕ್ಕಿಗೆ ಕೂರಿಸಿದರು ಅಂತ ನಮ್ಮ ಹಿರಿಯರು ಹೇಳ್ತಿದ್ದರು. ಮೊದಲು ಊರಿನ ಹೊಲಸು ಬರ್ತಿತ್ತು, ಈಗ ಕ್ರಷರ್ ಧೂಳೂ ಅದೇ ದಾರಿ ಹಿಡಿದು ಬರ್ತದೆ.

ಅವತ್ತೇ ಮೂರು ಮಂದಿಗೆ ಒಂದೊಂದು ನೋಟ್‌ಬುಕ್ ಕೊಟ್ಟೆ. ಇಬ್ಬರು ಹುಡುಗರು, ಒಬ್ಬ ಹೆಣ್ಣುಮಗಳು. ಬರೆಯೋದು ಇಷ್ಟೇ. ತಾರೀಕು, ಗಾಳಿ ಯಾವ ಕಡೆಯಿಂದ, ಬ್ಲಾಸ್ಟ್ ಎಷ್ಟು ಗಂಟೆಗೆ, ರಸ್ತೆಗೆ ನೀರು ಹೊಡೆಯೋ ಟ್ಯಾಂಕರ್ ಬಂತೋ ಇಲ್ಲವೋ, ಲಾರಿಗೆ ತಾಡಪತ್ರಿ ಹೊದಿಸಿತ್ತೋ ಇಲ್ಲವೋ, ಮೆಕ್ಕೆಜೋಳದ ಎಲೆ ಮೇಲೆ ಬೆರಳಿಂದ ಗೆರೆ ಎಳೆದರೆ ಮೂಡ್ತದೋ ಇಲ್ಲವೋ. ಜೂನ್, ಜುಲೈ, ಆಗಸ್ಟ್, ಒಟ್ಟು 92 ದಿನ ಬರೆದರು. ಟ್ಯಾಂಕರ್ ಬಂದದ್ದು 11 ದಿನ. ಮಾಲೀಕರ ವರದಿಯಲ್ಲಿ "ನಿಯಮಿತವಾಗಿ ನೀರು ಸಿಂಪಡಿಸಲಾಗುತ್ತಿದೆ" ಅಂತ ಇತ್ತು.

ಮೂರೂ ನೋಟ್‌ಬುಕ್ಕಿನ ಜೆರಾಕ್ಸ್ ಮಾಡಿಸಿ, ಅರ್ಜಿ ಬರೆದು, ಆವಕ ನಂಬರ್ ಹಾಕಿಸ್ಕೊಂಡು ಬಂದ್ವಿ. ನಂಬರ್ ಬಿದ್ದ ಮೇಲೆ ತನಿಖೆಗೆ ಬರಲೇಬೇಕಲ್ಲ, ಬಂದರು. ಬಂದ ಅಧಿಕಾರಿ ಮೊದಲು ಕೇಳಿದ್ದು, "ಇದನ್ನ ಬರೆಯಾಕ ನಿಮಗೇನು ಕ್ವಾಲಿಫಿಕೇಶನ್ ಐತಿ?" ಆ ಹೆಣ್ಣುಮಗಳು ಹೇಳಿದಳು, "ಸಾಹೇಬ್ರ, ನೀವು ಇವತ್ತು ಬಂದೀರಿ, ಸಂಜೀಗೆ ಹೋಗ್ತೀರಿ. ನಾವು ದಿನಾ ಇಲ್ಲೇ ಉಸಿರಾಡ್ತೀವಿ."

ಆಮೇಲೆ ಲಾರಿಗೆ ತಾಡಪತ್ರಿ ಬಂತು. ಬ್ಲಾಸ್ಟ್ ಶಾಲೆ ಬಿಟ್ಟ ಮೇಲೆ ಮಾಡಾಕ ಹತ್ತಿದರು. ಇಷ್ಟು ಗೆದ್ದ್ವಿ. ಆದರೆ ಆ ಇಬ್ಬರು ಹುಡುಗರನ್ನು ಲೋಡಿಂಗ್ ಕೆಲಸಕ್ಕೆ ಮತ್ತೆ ಕರೀಲಿಲ್ಲ. ಒಬ್ಬ ಬೆಂಗಳೂರಿಗೆ ಗುಳೆ ಹೋದ. ಇನ್ನೊಬ್ಬ ಇಲ್ಲೇ ಅದಾನೆ, ನೋಟ್‌ಬುಕ್ ಬರೆಯೋದು ಬಿಟ್ಟಾನೆ. ಅವನನ್ನು ನಾನು ಬೈಯಲ್ಲ. ಧೂಳು ಬರೆದಿಡೋನ ಅನ್ನವೂ ಆ ಧೂಳಿನಿಂದಲೇ ಬರ್ತದೆ. ಸ್ವಯಂಸೇವೆ, ಸಾಮಾಜಿಕ ಕಳಕಳಿ ಅಂತ ಪುಕ್ಕಟೆ ಕಾವಲು ಮಾಡಿಸೋದು ಎಷ್ಟು ದಿನ ನಡೀತದೆ? ಕಾವಲುಗಾರನಿಗೆ ಪಗಾರ ಬೇಕು, ಆ ಪಗಾರ ಮಾಲೀಕನ ಕೈಯಿಂದ ಬರಬಾರದು. ನಾನು ಇವತ್ತು ಹೇಳಬೇಕಾದ್ದು ಇದೇ.

ಹಂಗಾದ್ರೆ ದುಡ್ಡು ಎಲ್ಲಿಂದ ಅಂತೀರಾ? ದುಡ್ಡು ಐತಿ. ನಮ್ಮ ಐದೂ ತಾಲೂಕಿನ ಮಂದಿ ಸಂಡೂರು, ಹೊಸಪೇಟೆ ಕಡೆ ಅದಿರು ಒಡೆಯಾಕ, ಆರಿಸಾಕ ಹೋದವರು. ಆ ಗಣಿಗಳ ಮೇಲೆ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಳನ್ನು ನಿಲ್ಲಿಸಿತು. ಆ ಪ್ರಕರಣದಿಂದ ಕೂಡಿದ ಹಣ ಖರ್ಚು ಮಾಡಾಕ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. 2022ರಲ್ಲಿ ಕೋರ್ಟ್ ಮುಂದೆ ಇದ್ದ ಯೋಜನೆಯ ಮೊತ್ತ ಸುಮಾರು 24,996 ಕೋಟಿ ರೂಪಾಯಿ. ಇದಲ್ಲದೆ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬೇರೆ ಐತಿ. ಅದರ ಆದ್ಯತೆ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯದ ಜೊತೆಗೆ ಪರಿಸರ ರಕ್ಷಣೆ, ಮಾಲಿನ್ಯ ನಿಯಂತ್ರಣವೂ ಇದಾವೆ. ಊರಿಗೊಬ್ಬ ಕೇರಿಯ ಕಾವಲುಗಾರ್ತಿಗೆ ಪಗಾರ ಕೊಟ್ಟರೆ ಈ ದುಡ್ಡಲ್ಲಿ ಎಷ್ಟು ಕಮ್ಮಿ ಆದೀತು?

ಇನ್ನೊಂದು ಮಾತು, ಇದು ಬಹಳ ಮಂದಿಗೆ ಗೊತ್ತಿಲ್ಲ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದು ನಮ್ಮ ಬಳ್ಳಾರಿ ಗಣಿ ಪ್ರಕರಣ. ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ಸಿ ವರ್ಗದ್ದನ್ನು ರದ್ದು ಮಾಡಿ, ಉಳಿದವಕ್ಕೆ ಷರತ್ತು ಹಾಕಿತು. ಇನ್ನೊಂದು ಒಡಿಶಾದ ನಿಯಮಗಿರಿ. ಅಲ್ಲಿ ಬೆಟ್ಟ ಅಗೆಯಬೇಕೋ ಬೇಡವೋ ಅನ್ನೋದರಲ್ಲಿ ಡೋಂಗ್ರಿಯಾ ಕೊಂಧರ ಗ್ರಾಮಸಭೆಗಳ ಮಾತು ಕೇಳಿ ಅಂದಿತು. 12 ಗ್ರಾಮಸಭೆ ಕೂಡಿದವು, 12ಕ್ಕೆ 12 ಬೇಡ ಅಂದವು. ನಮ್ಮ ಕಡೆ ಗಡಿ ಅಳೆದರು, ಅದಿರು ತೂಗಿದರು, ಅಧಿಕಾರಿಗಳ ತಂಡ ಬಂತು. ನಾಯಕರ ಹಟ್ಟಿ, ಮಾದಿಗರ ಕೇರಿ, ಲಂಬಾಣಿ ತಾಂಡಾದ ಗ್ರಾಮಸಭೆಗೆ ಮಾತ್ರ ಯಾರೂ ಬಂದು ಕೇಳಲಿಲ್ಲ. ಕೂಡ್ಲಿಗಿ ಎಸ್‌ಟಿ ಮೀಸಲು ಕ್ಷೇತ್ರ, ಹಡಗಲಿ, ಹಗರಿಬೊಮ್ಮನಹಳ್ಳಿ ಎಸ್‌ಸಿ ಮೀಸಲು. ಓಟಿಗೆ ನಮಗೆ ಸೀಟು ಐತಿ, ತನಿಖೆ ಜೀಪಿನಲ್ಲಿ ಸೀಟಿಲ್ಲ.

ಕಾವಲುಗಾರರಿದ್ದರೆ ಎಲ್ಲ ಸರಿಹೋಗ್ತದೆ ಅಂತ ನಾನು ಹೇಳ್ತಿಲ್ಲ. ಕೆನಡಾದಲ್ಲಿ ಮಾನಿಟರ್‌ಗಳು ಇದ್ದೂ ಟ್ರಾನ್ಸ್ ಮೌಂಟನ್‌ನ ಹೊಸ ಪೈಪ್‌ಲೈನ್ 2024ರ ಮೇನಲ್ಲಿ ಶುರುವಾಯಿತು. ಬೇಡ ಅನ್ನೋ ಹಕ್ಕೇ ಬೇರೆ, ನೋಡಿ ಬರೆಯೋ ಹಕ್ಕೇ ಬೇರೆ. ನಮಗೆ ಎರಡೂ ಬೇಕು. ಆದರೆ ಮೂರು ತಿಂಗಳ ಲೆಕ್ಕ ಕೈಯಲ್ಲಿ ಇಟ್ಕೊಂಡು ಗ್ರಾಮಸಭೆಯಲ್ಲಿ ನಿಂತೋನ ಬೇಡ ಅನ್ನೋ ಮಾತಿಗೆ ತೂಕ ಜಾಸ್ತಿ.

ಹಡಗಲಿ ಕಡೆ ತುಂಗಭದ್ರೆಯ ಮರಳು ಹೋಗ್ತಾ ಐತಿ. ಹರಪನಹಳ್ಳಿ ಗುಡ್ಡದ ಮೇಲೆ ಗಾಳಿ ಯಂತ್ರಗಳು ನಿಂತಾವೆ. ಗಾಳಿ ವಿದ್ಯುತ್ ಯೋಜನೆ 2006ರ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯ ಅಲ್ಲ. ಅಲ್ಲಿ ಕುರಿ ಮೇಯಿಸೋರು ಬರೆದಿಟ್ಟದ್ದೇ ದಾಖಲೆ ಆಗ್ತದೆ.

ಈಗ ನಿಮ್ಮ ಕೆಲಸ. ಪಂಚಾಯಿತಿಗೆ ಹೋಗಿ ಪಿಡಿಒ ಹತ್ತಿರ ನಿಮ್ಮೂರ ಕ್ವಾರಿ, ಗಣಿಯ ಪರಿಸರ ಅನುಮತಿ ಪತ್ರ ಕೇಳಿ. ಅದು ಬಂದ ದಿನದಿಂದ 30 ದಿನ ಸಾರ್ವಜನಿಕರಿಗೆ ಕಾಣೋ ಹಾಗೆ ಹಾಕಬೇಕು ಅಂತ ನಿಯಮ ಐತಿ. ಷರತ್ತುಗಳನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ. ನೋಟ್‌ಬುಕ್ ಶುರು ಮಾಡಿ, ಒಬ್ಬರೇ ಬರೀಬೇಡಿ, ಮೂರು ಮಂದಿ ಬರೀರಿ. ನಿಮ್ಮ ಬಾವಿ, ಹಳ್ಳದ ನೀರು ಕೆಡಿಸಿದ್ರೆ ತಾರೀಕು ಸಮೇತ ಬರೆದಿಡಿ. ಎಸ್‌ಸಿ, ಎಸ್‌ಟಿ ಮಂದಿ ಬಳಸೋ ನೀರನ್ನು ಬೇರೆ ಜಾತಿಯವರು ಬಳಕೆಗೆ ಬಾರದಂತೆ ಕೆಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಡವಿ ಅಂಚಿನ ಊರಾದ್ರೆ 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ ಓದಿ. ಕಾಡು, ಜಲಮೂಲ ಕಾಯೋ ಅಧಿಕಾರವನ್ನು ಗ್ರಾಮಸಭೆಗೆ ಅದು ಕೊಟ್ಟೈತಿ.

ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸಿ: ಖನಿಜ ನಿಧಿಯಿಂದ ಪಗಾರ ಕೊಟ್ಟು ಕೇರಿ, ಹಟ್ಟಿ, ತಾಂಡಾದ ಮಂದಿಯನ್ನು ಪರಿಸರ ಕಾವಲುಗಾರರಾಗಿ ನೇಮಿಸಬೇಕು, ಅವರ ವಹಿಯನ್ನು ತನಿಖೆಯ ದಾಖಲೆಯಾಗಿ ಒಪ್ಪಬೇಕು. ಠರಾವಿನ ನಕಲು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು ಆವಕ ನಂಬರ್ ತಗೊಳ್ಳದೆ ವಾಪಸ್ ಬರಬೇಡಿ. ಅರ್ಜಿ ಬರೆಯಾಕ ಬರದಿದ್ರೆ ಇನ್‌ಬಾಕ್ಸಿಗೆ ಬರ್ರಿ. ಭಾನುವಾರ ನನಗೆ ರಜೆ, ಬರೆದು ಕೊಡ್ತೀನಿ.