ಬನ್ನೇರುಘಟ್ಟ ರಸ್ತೆಗೆ ಬಂದ ಲಕ್ಸೆಂಬರ್ಗ್

2025ರ ಕಾರ್ತಿಕದ ಒಂದು ಶುಕ್ರವಾರ. ಬನಶಂಕರಿ ಅಮ್ಮನಿಗೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದ ಹೆಂಗಸರಿಂದ ಮೆಟ್ರೊ ಪ್ಲಾಟ್‌ಫಾರ್ಮ್ ತುಂಬಿಹೋಗಿತ್ತು. ಕೈಚೀಲದಲ್ಲಿ ಕುಂಕುಮದ ಪೊಟ್ಟಣ, ಮುಡಿಯಲ್ಲಿ ಮಲ್ಲಿಗೆ ಹೂವು, ಕೈಯಲ್ಲಿ ಮೆಟ್ರೊ ಕಾರ್ಡು. ನಾನು ಅಂದು ಹೊರಟದ್ದು ಬೇರೆಯೇ ಒಂದು ಯಾತ್ರೆಗೆ. ದಕ್ಷಿಣ ಬೆಂಗಳೂರಿನ ನೆಲದಲ್ಲಿ ಯಾವ ಯಾವ ದೇಶದ ದುಡ್ಡು ಎಲ್ಲೆಲ್ಲಿ ಕಂಬವಾಗಿ, ಹಳಿಯಾಗಿ, ಕೇಬಲ್ ಆಗಿ ನಿಂತಿದೆ ಎಂದು ನೋಡಬೇಕಿತ್ತು. ಪೆಟ್ರೋಲ್ ಉಳಿಸುವುದಕ್ಕೆ, ಹೊಗೆ ತಗ್ಗಿಸುವುದಕ್ಕೆ ಸರ್ಕಾರಗಳು ಗಡಿಯಾಚೆಗೂ ಸಾಲ ಕೊಡುತ್ತವೆ ಎಂದು ಪತ್ರಿಕೆಗಳಲ್ಲಿ ಓದುವುದು ಒಂದು. ಆ ಸಾಲದ ಮೇಲೆ ನಿಂತು ರೈಲಿಗೆ ಕಾಯುವುದು ಇನ್ನೊಂದು.

ಬನಶಂಕರಿಯ ಈ ನಿಲ್ದಾಣ ಮೊದಲ ಹಂತದ್ದು. 2006ರಲ್ಲಿ ಜಪಾನ್ ಸರ್ಕಾರದ ನೆರವಿನ ಸಾಲ ಬೆಂಗಳೂರಿನ ಮೆಟ್ರೊಗೆ ಮಂಜೂರಾಯಿತು. ಫ್ರಾನ್ಸ್‌ನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಕೂಡ ಕೈಜೋಡಿಸಿತು. ಉಳಿದ ಭಾರ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದ್ದು. ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್ ಇಬ್ಬರಿಗೂ ಸಮಪಾಲಿನ ಕಂಪನಿ. 2017ರ ಜೂನ್‌ನಲ್ಲಿ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿವರೆಗೆ ರೈಲು ಓಡಿ, ಮೊದಲ ಹಂತದ 42.3 ಕಿಲೋಮೀಟರ್ ಪೂರ್ತಿಯಾಯಿತು. ಅಂದರೆ ಜಪಾನಿನ ಮತ್ತು ಫ್ರಾನ್ಸ್‌ನ ತೆರಿಗೆದಾರರಿಗೆ ಗೊತ್ತಿದೆಯೋ ಇಲ್ಲವೋ, ಬನಶಂಕರಿ ಅಮ್ಮನ ಭಕ್ತರನ್ನು ಮನೆ ಮುಟ್ಟಿಸುವುದರಲ್ಲಿ ಅವರದ್ದೂ ಒಂದು ಪಾಲಿದೆ. ಇದು ನನಗೆ ನಿಜಕ್ಕೂ ದೊಡ್ಡ ಬೆರಗು.

ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಗೆರೆಯ ಹಿಂದೆ ನಿಂತೇ ಹಳಿಗಳ ಕಡೆ ನೋಡಿದೆ. ಎರಡು ಹಳಿಗಳ ಪಕ್ಕದಲ್ಲಿ, ಮೇಲೆ ಹೊದಿಕೆ ಹಾಕಿಕೊಂಡು ಮೂರನೆಯದೊಂದು ಹಳಿ ಉದ್ದಕ್ಕೂ ಸಾಗಿದೆ. ರೈಲಿಗೆ ವಿದ್ಯುತ್ ಸಿಗುವುದು ಅದರಿಂದ, 750 ವೋಲ್ಟ್ ಡಿಸಿ. ನಮ್ಮ ಮೆಟ್ರೊಗೆ ತಲೆಯ ಮೇಲೆ ತಂತಿಯಿಲ್ಲದಿರುವುದು ಇದರಿಂದಲೇ. ರೈಲು ಬ್ರೇಕ್ ಹಾಕುವಾಗ ಅದರ ಮೋಟಾರುಗಳೇ ಜನರೇಟರ್‌ಗಳಾಗಿ, ಓಟದ ಶಕ್ತಿಯನ್ನು ವಿದ್ಯುತ್ತಾಗಿಸಿ ಅದೇ ಮೂರನೇ ಹಳಿಗೆ ವಾಪಸು ಕೊಡುತ್ತವೆ. ಅಕ್ಕಪಕ್ಕದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ಔಟರ್ ರಿಂಗ್ ರೋಡಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದ ಪೆಟ್ರೋಲ್ ಕಾರು ಆ ಶಕ್ತಿಯನ್ನೆಲ್ಲ ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಆ ಪೆಟ್ರೋಲಿನ ಮೂಲವಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲು ದೇಶಕ್ಕೆ ಹಡಗಿನಲ್ಲಿ ಬರಬೇಕು.

ಮುಂದಿನ ನಿಲ್ದಾಣವಾದ ಆರ್.ವಿ. ರಸ್ತೆಯಲ್ಲಿ ಇಳಿದೆ. ಇಲ್ಲಿಂದ ಹಳದಿ ಮಾರ್ಗ. 2025ರ ಆಗಸ್ಟ್ 10ರಂದು ಪ್ರಧಾನಿ ಉದ್ಘಾಟಿಸಿದ, ಬೊಮ್ಮಸಂದ್ರದವರೆಗಿನ 19 ಕಿಲೋಮೀಟರಿನ, 16 ನಿಲ್ದಾಣಗಳ ಹಾದಿ. ರೈಲುಗಳು ಆಗಿನ್ನೂ ಕಡಿಮೆ, ಹಾಗಾಗಿ ಸಾಕಷ್ಟು ಹೊತ್ತು ಕಾಯಬೇಕಾಯಿತು. ಕಾದದ್ದೂ ಸುಖವೇ ಆಯಿತು. ಪಕ್ಕದಲ್ಲಿ ನಿಂತಿದ್ದ ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವನು. "ಬೈಕ್ ಮನೇಲಿ ಧೂಳು ಹಿಡೀತಿದೆ ಸಾರ್. ಸಿಲ್ಕ್ ಬೋರ್ಡ್ ದಾಟೋ ಕಷ್ಟ ತಪ್ತಲ್ಲ, ಅಷ್ಟು ಸಾಕು" ಎಂದ. ಇದಕ್ಕಿಂತ ಚೆನ್ನಾಗಿ ಯಾವ ಯೋಜನಾ ವರದಿಯೂ ಈ ಮಾರ್ಗದ ಲಾಭವನ್ನು ಹೇಳಲಾರದು.

ರಾಗಿಗುಡ್ಡ ದಾಟಿದ ಮೇಲೆ ಕಿಟಕಿಗೆ ಅಂಟಿಕೊಂಡುಬಿಟ್ಟೆ. ಇಲ್ಲಿಂದ ಸಿಲ್ಕ್ ಬೋರ್ಡ್‌ವರೆಗೆ ಡಬಲ್ ಡೆಕ್ಕರ್: ಕೆಳಗೆ ಹಳೆಯ ರಸ್ತೆ, ನಡುವೆ ಕಾರುಗಳ ಫ್ಲೈಓವರ್, ಮೇಲೆ ನಾವು. ಎಲ್ಲದಕ್ಕೂ ಕಂಬ ಒಂದೇ. ಬಿಎಂಟಿಸಿ ಬಸ್ಸಿನ ತಲೆ ಎಷ್ಟೋ ಕೆಳಗೆ ಕಾಣುತ್ತದೆ, ರಸ್ತೆ ಬದಿಯ ಮರಗಳ ನೆತ್ತಿ ನಮ್ಮ ಪಾದದ ಮಟ್ಟದಲ್ಲಿ ಹಿಂದೆ ಸರಿಯುತ್ತದೆ. ಜಯದೇವ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದು ಕೆಳಗೆ ಬಂದು ತಲೆಯೆತ್ತಿ ನೋಡಿದರೆ ಲೆಕ್ಕ ತಪ್ಪುತ್ತದೆ. ಅಂಡರ್‌ಪಾಸ್, ಅದರ ಮೇಲೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಹಳದಿ ಮಾರ್ಗ, ಎಲ್ಲಕ್ಕಿಂತ ಮೇಲೆ ಅಡ್ಡ ಹಾಯ್ದ ಗುಲಾಬಿ ಮಾರ್ಗ. ಹಿಂದೆ ಇಲ್ಲಿದ್ದ ಫ್ಲೈಓವರನ್ನು ಇದಕ್ಕೆಂದೇ 2020ರಲ್ಲಿ ಕೆಡವಿದರು. ಅಂದು ಅದೆಷ್ಟು ಜನ ಶಪಿಸಿದ್ದರು! ಈಗ ಆ ಜಾಗದಲ್ಲಿ ಕತ್ತು ನೋಯುವವರೆಗೂ ನೋಡುತ್ತ ನಿಂತಿದ್ದೆ.

ಗುಲಾಬಿ ಮಾರ್ಗದ ಕಂಬಗಳನ್ನು ಹಿಡಿದು ಬನ್ನೇರುಘಟ್ಟ ರಸ್ತೆಯಲ್ಲಿ ಜೆ.ಪಿ. ನಗರ 4ನೇ ಹಂತದ ಕಡೆಗೆ ನಡೆದೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಈ 21 ಕಿಲೋಮೀಟರ್ ಹಾದಿಗೆ, ಅದರ 18 ನಿಲ್ದಾಣಗಳಿಗೆ, 96 ಬೋಗಿಗಳಿಗೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಒಪ್ಪಿದ ಸಾಲ 50 ಕೋಟಿ ಯೂರೊ. ಅದರ ಪ್ರಧಾನ ಕಚೇರಿ ಲಕ್ಸೆಂಬರ್ಗ್‌ನಲ್ಲಿದೆ. ಒಡೆತನ ಯುರೋಪಿಯನ್ ಒಕ್ಕೂಟದ ದೇಶಗಳದ್ದು. 2017ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿರುವ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಇದೇ ಮಾರ್ಗಕ್ಕೆ 33.5 ಕೋಟಿ ಡಾಲರ್ ಮಂಜೂರು ಮಾಡಿತು. ಆ ಬ್ಯಾಂಕಿನಲ್ಲಿ ಚೀನಾ ಬಿಟ್ಟರೆ ಅತಿ ದೊಡ್ಡ ಪಾಲುದಾರ ಭಾರತವೇ. ಆಮೇಲೆ ಎರಡೂ ದೇಶಗಳ ಗಡಿಯಲ್ಲಿ ನಡೆದ ಸಂಘರ್ಷ ಎಲ್ಲರಿಗೂ ಗೊತ್ತು. ಹಳದಿ ಮಾರ್ಗದ ಮೊದಲ ರೈಲು ಚೀನಾದಿಂದಲೇ 2024ರ ಫೆಬ್ರುವರಿಯಲ್ಲಿ ಹೆಬ್ಬಗೋಡಿ ಡಿಪೊ ಮುಟ್ಟಿತು, ನಂತರದವು ಬಂಗಾಳದ ಟಿಟಾಗಢ ಕಂಪನಿಯಲ್ಲಿ ಸಿದ್ಧವಾಗಿ ಬಂದವು. ಎರಡು ದೇಶಗಳ ಸಂಬಂಧ ಹದಗೆಟ್ಟಿದ್ದ ವರ್ಷಗಳಲ್ಲೂ ಜೆ.ಪಿ. ನಗರದ ಕಂಬಗಳು ಒಂದೊಂದಾಗಿ ಮೇಲೇಳುತ್ತಲೇ ಇದ್ದವು.

ಜಯದೇವದಿಂದ ಉತ್ತರಕ್ಕೆ ತಾವರೆಕೆರೆ ದಾಟಿದ ಮೇಲೆ ಈ ಮಾರ್ಗ ನೆಲದೊಳಗೆ ಇಳಿಯುತ್ತದೆ. ಡೇರಿ ವೃತ್ತದಿಂದ ನಾಗವಾರದವರೆಗೆ ಪೂರಾ ಸುರಂಗ. ಕೊರೆದ ಯಂತ್ರಗಳಿಗೆ ಊರ್ಜಾ, ಅವನಿ, ರುದ್ರ, ತುಂಗಾ, ಭದ್ರಾ ಎಂದೆಲ್ಲ ಹೆಸರಿಟ್ಟಿದ್ದರು. 2024ರ ಅಕ್ಟೋಬರ್ ಕೊನೆಗೆ ಭದ್ರಾ ನಾಗವಾರದಲ್ಲಿ ಹೊರಬಂದಾಗ ಕೊರೆಯುವ ಕೆಲಸ ಮುಗಿಯಿತು. ಬೆಂಗಳೂರಿನ ಕರಿಬಂಡೆಯನ್ನು ಕೊರೆದು ದಾಟಿದ್ದೇನೂ ಸುಲಭದ ಮಾತಲ್ಲ.

ಜೆ.ಪಿ. ನಗರದಿಂದ ಆಟೊ ಹಿಡಿದು ಜಯನಗರ. ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಗದ್ದಲ ದಾಟಿ ಒಳಗಿನ ಅಡ್ಡರಸ್ತೆಯೊಂದಕ್ಕೆ ಹೋದೆ. ಯಾತ್ರೆಯ ಕೊನೆಯ ದೇವರು ಅಲ್ಲಿ ಫುಟ್‌ಪಾತಿನ ಮೇಲೆ ನಿಂತಿತ್ತು. ದೇವರ ಮನೆಯ ಕಪಾಟಿನಷ್ಟು ದೊಡ್ಡ ಲೋಹದ ಪೆಟ್ಟಿಗೆ, ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಅಪಾಯ, ತಲೆಬುರುಡೆ, 11 ಕೆವಿ. ವಿದ್ಯುತ್ ಪೂರೈಸುವ ಬೆಸ್ಕಾಂನವರು ಇದನ್ನು ಆರ್‌ಎಂಯು, ಅಂದರೆ ರಿಂಗ್ ಮೇನ್ ಯೂನಿಟ್ ಎನ್ನುತ್ತಾರೆ. ಒಂದು ಕಡೆಯ ಫೀಡರ್ ಕೈಕೊಟ್ಟರೆ ಆ ತುಂಡನ್ನು ಬೇರ್ಪಡಿಸಿ, ಇನ್ನೊಂದು ಕಡೆಯಿಂದ ಕರೆಂಟು ಹರಿಸುವುದು ಇದರ ಕೆಲಸ. ಪಕ್ಕದಲ್ಲಿ ಹೂವಿನವಳು ಸೇವಂತಿಗೆ ಕಟ್ಟುತ್ತ ಕೂತಿದ್ದಳು.

2020ರ ಡಿಸೆಂಬರ್ 31ರಂದು ಏಷ್ಯಾ ಅಭಿವೃದ್ಧಿ ಬ್ಯಾಂಕಿನೊಡನೆ ಸಹಿಯಾದ ಸಾಲದ ಗುರಿ ಇಂಥ ಜಾಲವೇ. ಬೆಂಗಳೂರಿನ 7,200 ಕಿಲೋಮೀಟರ್ ಮೇಲ್ತಂತಿಯನ್ನು ನೆಲದೊಳಗಿನ ಕೇಬಲ್ ಮಾಡುವುದು, ಅದರ ಜೊತೆಗೆ 2,800 ಕಿಲೋಮೀಟರ್ ಆಪ್ಟಿಕಲ್ ಫೈಬರ್, 1,700 ಸ್ವಯಂಚಾಲಿತ ಆರ್‌ಎಂಯು, ದಾರಿಯಲ್ಲಿ ಸೋರಿಹೋಗುವ ವಿದ್ಯುತ್ತನ್ನು ಸುಮಾರು ಶೇ 30ರಷ್ಟು ತಗ್ಗಿಸುವುದು. ಒಟ್ಟು 19 ಕೋಟಿ ಡಾಲರ್. ಅದರಲ್ಲಿ 10 ಕೋಟಿಗೆ ಸರ್ಕಾರದ ಖಾತರಿ. ಉಳಿದ 9 ಕೋಟಿಯನ್ನು ಮನಿಲಾದ ಆ ಬ್ಯಾಂಕು ಯಾವ ಸರ್ಕಾರದ ಖಾತರಿಯೂ ಇಲ್ಲದೆ ನೇರವಾಗಿ ಬೆಸ್ಕಾಂಗೆ ಕೊಡಲು ಒಪ್ಪಿತು. ಈ ಸಾಲು ಓದಿದಾಗ ನಾನು ಒಂದು ಕ್ಷಣ ನಿಂತೆ. ಖಾತರಿ ಇಲ್ಲ ಎಂದರೆ ಬ್ಯಾಂಕು ನಂಬಿದ್ದು ಬೆಸ್ಕಾಂನ ವರಮಾನವನ್ನು. ಆ ವರಮಾನ ಎಂದರೆ ಜಯನಗರದ, ಬಿಟಿಎಂನ, ಬನಶಂಕರಿಯ ಮನೆಮನೆಯ ಕರೆಂಟ್ ಬಿಲ್ಲು.

ಪೆಟ್ಟಿಗೆಯ ಬಳಿ ಬಂದ ಪವರ್‌ಮ್ಯಾನ್ ಒಬ್ಬರನ್ನು ಮಾತಿಗೆಳೆದೆ. ಐವತ್ತರ ಆಸುಪಾಸಿನವರು. "ಮುಂಚೆ ಮಳೆ ಬಂದ್ರೆ ರಾತ್ರಿಯೆಲ್ಲ ಇದೇ ಪಾಡು ಸಾರ್. ಕೊಂಬೆ ಬೀಳೋದು, ಲೈನ್ ಕಟ್ಟಾಗೋದು, ಲೈನ್ ಆಫ್ ಮಾಡಿಸ್ಕೊಂಡು ನೆನ್ಕೊಂಡೇ ಕಂಬ ಹತ್ತಬೇಕಿತ್ತು. ನೆಲದೊಳಗಿನ ಕೇಬಲ್ ಆದ ಕಡೆ ಆ ಭಯ ಇಲ್ಲ."

"ಹಾಗಾದ್ರೆ ತೊಂದರೇನೇ ಇಲ್ವಾ?"

"ಯಾಕಿಲ್ಲ? ಯಾರೋ ಪೈಪಿಗೆ ಅಂತ ಜೆಸಿಬಿ ತಂದು ಅಗೀತಾರೆ, ಕೇಬಲ್ ಹೋಗುತ್ತೆ. ನೆಲದೊಳಗೆ ಎಲ್ಲಿ ಹೋಯ್ತು ಅಂತ ಹುಡುಕೋದೇ ಕೆಲಸ."

ಮಾತು ಮುಗಿಸಿ ಅವರು ಬೈಕ್ ಹತ್ತಿದರು. ಹೂವಿನವಳು ಅವರಿಗೆ ಒಂದು ಮೊಳ ಕೊಟ್ಟು ದುಡ್ಡು ಬೇಡವೆಂದಳು.

ಈ ಕೇಬಲ್ಲಿನ ಮಹತ್ವ ದೂರದಿಂದ ನೋಡಿದರೆ ಇನ್ನೂ ದೊಡ್ಡದು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ರಾಯಚೂರಿನ ಸ್ಥಾವರಕ್ಕೆ ಅದು ಹೊರಗಿನಿಂದ ರೈಲಿನಲ್ಲಿ ಬರಬೇಕು. ನಮ್ಮದು ಎಂದು ಹೇಳಿಕೊಳ್ಳುವುದಕ್ಕಿರುವುದು ಶರಾವತಿಯ 1,035 ಮೆಗಾವಾಟ್, ಪಾವಗಡದ ಬಿಸಿಲಿನ 2,050 ಮೆಗಾವಾಟ್, ಚಿತ್ರದುರ್ಗ, ಗದಗ ಕಡೆಯ ಗಾಳಿ. ಅಲ್ಲಿ ಹುಟ್ಟಿದ್ದು ಇಲ್ಲಿಗೆ ಬರುವ ಹೊತ್ತಿಗೆ ದಾರಿಯಲ್ಲಿ ಎಷ್ಟು ಕಮ್ಮಿ ಪೋಲಾಗುತ್ತದೋ ಅಷ್ಟು ಕಲ್ಲಿದ್ದಲು ಉಳಿಯಿತು. ಅನ್ಯದೇಶದ ಬ್ಯಾಂಕು ಜಯನಗರದ ಅಡ್ಡರಸ್ತೆಯ ಮೇಲೆ ಆಸಕ್ತಿ ತೋರುವುದಕ್ಕೆ ಇದೂ ಒಂದು ಕಾರಣ. ಹೊಗೆ ಗಡಿ ನೋಡಿ ನಿಲ್ಲುವುದಿಲ್ಲ.

ಇದೆಲ್ಲ ದಾನವಲ್ಲ, ಸಾಲ. ಯೆನ್, ಯೂರೊ, ಡಾಲರ್ ಲೆಕ್ಕದಲ್ಲಿ ವರ್ಷಗಟ್ಟಲೆ ತೀರಿಸಬೇಕಾದ್ದು. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಸಾಲ ತೀರಿಸಲೇಬೇಕು, ಒಪ್ಪಿದೆ. ಆದರೆ ದರಕ್ಕೆ ಹೆದರಿ ಜನ ಮತ್ತೆ ಸ್ಕೂಟರ್ ಹತ್ತಿದರೆ, ಯಾವ ಹೊಗೆಯನ್ನು ತಗ್ಗಿಸಲೆಂದು ಸಾಲ ತಂದೆವೋ ಅದು ರಸ್ತೆಗೇ ಮರಳುತ್ತದೆ. ಹೊಗೆ ತಗ್ಗಿಸಿದ ಲಾಭ ಇಡೀ ಊರಿನದ್ದು, ದೇಶದ್ದು ಎಂದಾದಮೇಲೆ ಅದರ ಖರ್ಚಿನಲ್ಲಿ ಸರ್ಕಾರಗಳೂ ಪಾಲು ಹೊರಬೇಕು. ಟಿಕೆಟ್ ಕೊಂಡವನ ತಲೆಯ ಮೇಲೆಯೇ ಪೂರ್ತಿ ಹೇರುವುದು ನ್ಯಾಯವಲ್ಲ.

ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ಪ್ರತಿ ನಿಲ್ದಾಣದಲ್ಲಿ, ಟಿಕೆಟ್ ಕೌಂಟರ್ ಪಕ್ಕದಲ್ಲಿ, ಕನ್ನಡದಲ್ಲಿ ಒಂದು ಫಲಕ ಇರಲಿ: ಈ ಮಾರ್ಗಕ್ಕೆ ಎಷ್ಟು ಖರ್ಚಾಯಿತು, ಯಾರು ಎಷ್ಟು ಸಾಲ ಕೊಟ್ಟರು, ಎಷ್ಟು ತೀರಿದೆ, ಎಷ್ಟು ಉಳಿದಿದೆ. ಗುಲಾಬಿ ಮಾರ್ಗದ ಜೆ.ಪಿ. ನಗರ 4ನೇ ಹಂತದ ನಿಲ್ದಾಣದಲ್ಲಿ ಅಂಥದೊಂದನ್ನು ಹಾಕಬಹುದು. ಲಕ್ಸೆಂಬರ್ಗ್ ಮತ್ತು ಬೀಜಿಂಗ್ ಎರಡೂ ಹೆಸರು ಒಂದೇ ಫಲಕದಲ್ಲಿ ಬರೆಯಲು ಸಿಗುವ ಜಾಗ ಊರಿನಲ್ಲಿ ಬೇರೆ ಎಲ್ಲಿದೆ?