ಗಂಟಿಲ್ಲದ ಎಳೆ

ಸಕ್ರೆಬೈಲಿನ ಬಳಿಯ ಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆಯ ಮೂರನೇ ವಾರ. ಎಂಟನೇ ತರಗತಿ, ಸಂಶ್ಲೇಷಿತ ಎಳೆಗಳು ಮತ್ತು ಪ್ಲಾಸ್ಟಿಕ್‌ಗಳ ಘಟಕ. ಕಲಿಕೋಪಕರಣವಾಗಿ ಅಮ್ಮನ ಕಸೂತಿ ಹಾಕಿದ ಇಳಕಲ್ ಸೀರೆಯನ್ನೂ, ನಾನೇ ಪಾಲಿಮರ್ ಕ್ಲೇಯಲ್ಲಿ ಮಾಡಿದ ಒಂದು ಜೊತೆ ಓಲೆಯನ್ನೂ ಒಯ್ದಿದ್ದೆ. ಸೆರಗಿನಲ್ಲಿದ್ದ ಆನೆಯನ್ನೇ ಓಲೆಯ ಮೇಲೆ ಇಳಿಸಿದ್ದೆ. ಕ್ಲೇಯನ್ನು ನೂಲಿನಷ್ಟು ಸಣ್ಣಗೆ ಹೊಸೆದು, ತುಂಡು ಮಾಡಿ, ಮೆಟ್ಟಿಲಿನಂತೆ ಸಾಗುವ ಮುರ್ಗಿ ಹೊಲಿಗೆಯ ಹಾಗೆ ಸೂಜಿಯಿಂದ ಒಂದೊಂದಾಗಿ ಕೂರಿಸಿದ್ದೆ.

“ಮಿಸ್, ಈ ಆನೆಗೆ ಹೊಟ್ಟೆನೇ ಇಲ್ವಲ್ಲ!” ಹಿಂದಿನ ಬೆಂಚಿನ ಹುಡುಗ ನಕ್ಕ. ಬಿಡಾರದ ಆನೆಗಳು ತುಂಗೆಯಲ್ಲಿ ಮೀಯುವುದನ್ನು ನೋಡುತ್ತಲೇ ಬೆಳೆದ ಮಕ್ಕಳು. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಯಲ್ಲಿ ದುಂಡನೆಯ ಗೆರೆ ಬರುವುದಿಲ್ಲ ಎಂದೆ. ಹತ್ತಿಯ ಸೆಲ್ಯುಲೋಸ್, ಕ್ಲೇಯಲ್ಲಿರುವ ಪಿವಿಸಿ ಎರಡೂ ಪಾಲಿಮರ್‌ಗಳೇ ಎಂದು ಹೇಳಿ ಪಾಠಕ್ಕೆ ಬಂದೆ.

ಓಲೆಯನ್ನು ಓವನ್‌ನಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ ಬೇಯಿಸಿ ಗಟ್ಟಿ ಮಾಡಿದೆ ಎಂದಾಗ ಒಬ್ಬ ಹುಡುಗಿ ಎದ್ದು ನಿಂತಳು. “ಪಿವಿಸಿ ಥರ್ಮೋಪ್ಲಾಸ್ಟಿಕ್ ಅಂದ್ರಿ. ಬಿಸಿ ಮಾಡಿದ್ರೆ ಮೆತ್ತಗಾಗ್ಬೇಕಲ್ವಾ ಮಿಸ್? ಇದ್ಯಾಕೆ ಗಟ್ಟಿಯಾಯ್ತು?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. “ಬೇಯಿಸಿದ ಮೇಲೆ ಇದು ಥರ್ಮೋಸೆಟಿಂಗ್ ಆಗುತ್ತೆ” ಎಂದುಬಿಟ್ಟೆ. ಮಕ್ಕಳು ಅದನ್ನೇ ಬರೆದುಕೊಂಡರು.

ಸಂಜೆ ಓದಿದಾಗ ತಪ್ಪು ತಿಳಿಯಿತು. ಹಸಿ ಕ್ಲೇ ಎಂದರೆ ಪಿವಿಸಿಯ ನುಣ್ಣನೆಯ ಪುಡಿಯನ್ನು ಪ್ಲಾಸ್ಟಿಸೈಜರ್ ಎಂಬ ದ್ರವದಲ್ಲಿ ಕಲಸಿದ್ದು. ಕಾಯಿಸಿದಾಗ ಪುಡಿಯ ಕಣಗಳು ದ್ರವವನ್ನು ಹೀರಿ, ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ತಣಿದಾಗ ಗಟ್ಟಿಯಾಗುತ್ತವೆ. ಬೇಕಲೈಟ್‌ನಲ್ಲಿರುವಂತೆ ಸರಪಳಿ ಸರಪಳಿಗಳ ನಡುವೆ ರಾಸಾಯನಿಕ ಬಂಧ ಇಲ್ಲಿ ಏರ್ಪಡುವುದಿಲ್ಲ. ಇದನ್ನು ಮಕ್ಕಳಿಗೆ ಹೇಳುವುದು ಹೇಗೆ? ಸೀರೆ ಮಡಿಸುವಾಗ ಕಸೂತಿಯ ಹಿಂಬದಿ ಕಣ್ಣಿಗೆ ಬಿತ್ತು. ಮುಂದಿದ್ದಂತೆಯೇ ಹಿಂದೆಯೂ ಆನೆ, ಒಂದೂ ಗಂಟಿಲ್ಲ.

ಮರುದಿನ ನನ್ನ ಪಾಠಕ್ಕೆ ಕಾಲೇಜಿನ ಅಧ್ಯಾಪಕರ ವೀಕ್ಷಣೆಯಿತ್ತು, ಅಂಕವೂ ಇತ್ತು. ಪಾಲಿಮರ್ ಕ್ಲೇ ಪಠ್ಯದಲ್ಲಿಲ್ಲ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ, “ನಿನ್ನೆ ನಾನು ಹೇಳಿದ್ದು ತಪ್ಪು, ಆ ಸಾಲು ಹೊಡೆದುಹಾಕಿ” ಎಂದೇ ಪಾಠ ಆರಂಭಿಸಿದೆ. ಬೇಯಿಸಿದ ಕ್ಲೇಯ ತೆಳು ಪಟ್ಟಿಯನ್ನು ಬಿಸಿನೀರಿಗೆ ಹಾಕಿಸಿದೆ: ಬಾಗಿತು. ತಣ್ಣೀರಿಗೆ ಹಾಕಿಸಿದೆ: ಬಿಗಿಯಾಯಿತು. ಸೀರೆಯ ಹಿಂಬದಿ ತೋರಿಸಿ, ಥರ್ಮೋಸೆಟಿಂಗ್‌ನಲ್ಲಿ ಎಳೆ ಎಳೆಗೂ ಗಂಟು ಬಿದ್ದಿರುತ್ತದೆ, ಇದು ಈ ಕಸೂತಿಯ ಹಾಗೆ ಗಂಟಿಲ್ಲದೆಯೇ ನಿಂತಿದೆ ಎಂದೆ.

“ಹಾಗಾದ್ರೆ ಮುರಿದ ಓಲೆ ಕರಗಿಸಿ ಮತ್ತೆ ಮಾಡ್ಬಹುದಾ?” ಅದೇ ಹುಡುಗಿ. ಮನೆಯಲ್ಲಿ ಬೇಡ, ಅತಿಯಾಗಿ ಕಾದರೆ ಪಿವಿಸಿ ಕೆಟ್ಟು ಹೈಡ್ರೋಜನ್ ಕ್ಲೋರೈಡ್ ಎಂಬ ಘಾಟು ಅನಿಲ ಬರುತ್ತದೆ ಎಂದೆ. ಈ ಸಲ ಓದಿಕೊಂಡು ಹೋಗಿದ್ದೆ.

ಸೀರೆಯನ್ನು ನಾನು ಒಯ್ದದ್ದು ಪೀಠಿಕೆಯ ಅಂದಕ್ಕೆ. ಪಾಠ ಅದರ ಹಿಂಬದಿಯಲ್ಲಿತ್ತು. ಅದನ್ನು ತಿರುಗಿಸಿ ನೋಡುವಂತೆ ಮಾಡಿದ್ದು ಆ ಹುಡುಗಿಯ ಪ್ರಶ್ನೆ.